ನೀರೂ ಅಸ್ಥಿಯೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಶಾಸ್ತ್ರಪಾಠ ಹೇಳುವವನಿಗೆ ರೋಗದ ವಿಚಾರವೇಕೆಂದು ಕೆಲವರು ಶಂಕಿಸಬಹುದು. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದಾಗಿರುವಾಗ, ದಾಸೋಹದ ಪಂಕ್ತಿಯಲ್ಲಿ ನೀರಿಲ್ಲದೆ ಅನ್ನವಿಳಿಯದಿರುವಾಗ, ನೀರಿನ ಗುಣದೋಷವಿಚಾರವು ಮಠಕ್ಕೆ ಹೊರಗಿನದಾಗುವುದೆಂತು?

ನಮ್ಮ ಜಿಲ್ಲೆಯ ಪಾವಗಡದ ಕಡೆಗೆ ಹೋದವರು ನೋಡಿರಬಹುದು: ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆ, ಬೆನ್ನು ಬಿಗಿದು, ಕತ್ತು ಹೊರಳಿಸಲಾರದೆ ಇಡೀ ದೇಹವನ್ನೇ ತಿರುಗಿಸುವ ರೈತರು. ಇದನ್ನು ವಂಶದ ಶಾಪವೆನ್ನುವ ವಾಡಿಕೆಯುಂಟು. ಶಾಪವಾದರೆ ಬೇರೆ ಸೀಮೆಯಿಂದ ಬಂದ ಸೊಸೆಗೆ, ಹಲ್ಲು ಶುಭ್ರವಾಗಿದ್ದೂ, ವರ್ಷಗಳ ಮೇಲೆ ಮೂಳೆ ಮಾತ್ರ ಬಿಗಿಯುವುದೇಕೆ? ಅವಳ ಹಲ್ಲು ತೌರಿನ ನೀರಿನಲ್ಲಿ ರೂಪುಗೊಂಡಿತ್ತು. ಮೂಳೆಯಾದರೋ ಆಜೀವವೂ ಕರಗಿ ಮರಳಿ ಕಟ್ಟಿಕೊಳ್ಳುತ್ತಲಿರುವುದು.

ಕಾರಣವು ಫ್ಲೋರೈಡು. ಹಲ್ಲಿನ ಕಲೆಗೆ ಇದೇ ಮೂಲವೆಂದು 1931ರಲ್ಲಿ ಅಮೆರಿಕದ ರಸಾಯನಜ್ಞ ಚರ್ಚಿಲ್ ತೋರಿಸಿದನು; 1937ರಲ್ಲಿ ಷಾರ್ಟ್ ಮೊದಲಾದ ವೈದ್ಯರು ಅಂದಿನ ಮದರಾಸು ಆಧಿಪತ್ಯದಲ್ಲಿ ಅಸ್ಥಿರೋಗವನ್ನು ವರ್ಣಿಸಿದರು. ಮೂಳೆಯ ಹರಳಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟುಗಳೊಡನೆ ಹೈಡ್ರಾಕ್ಸಿಲ್ ಎಂಬ ಆಮ್ಲಜನಕ ಜಲಜನಕಗಳ ಜೋಡಿಗೆ ಒಂದು ಸ್ಥಾನವುಂಟು. ಫ್ಲೋರೈಡು ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಅದನ್ನು ಹೋಲುವುದರಿಂದ ಅದನ್ನು ನೂಕಿ ಆ ಪೀಠದಲ್ಲಿ ತಾನೇ ಕೂರುವುದು. ಹಾಗಾದ ಹರಳು ಸುಲಭವಾಗಿ ಕರಗದು. ಮೂಳೆ ಕಟ್ಟುವ ಕೋಶಗಳೂ ಮಿತಿಮೀರಿ ಕೆಲಸಮಾಡಿ, ಮೂಳೆಯು ಒರಟಾಗಿ ದಪ್ಪವಾಗುವುದು. ಸಂದುಗಳ ಬಂಧಗಳಲ್ಲಿಯೂ ಸುಣ್ಣ ಕೂಡಿ ಬೆನ್ನು ಬಾಗದಾಗುವುದು.

ನಾವು ತರ್ಕದಲ್ಲಿ ಓದಿದ ಪರಮಾಣುವೇ ಇದೆಂದು ಹೇಳಿ ಹಿಗ್ಗುವವರುಂಟು. ನನಗದು ಒಪ್ಪಿಗೆಯಿಲ್ಲ. ಅದು ಅನುಮಾನಪ್ರಮಾಣದಿಂದ ಸಾಧಿಸಿದುದು. ಇದು ತೂಗಿ ಅಳೆದುದು.

ಗುಬ್ಬಿ, ಕುಣಿಗಲಿನವರು ಇದು ಪಾವಗಡದವರ ಪಾಡೆಂದು ಸುಮ್ಮನಿರಲಾಗದು. ಶಿಲೆಯೊಳಗಿಂದ ಬರುವ ಆಳದ ನೀರಿನ ಗುಣವು ಒಂದು ಕೊಳವೆಬಾವಿಯಿಂದ ಮತ್ತೊಂದಕ್ಕೆ ಬದಲಾಗುವುದು. ಲೀಟರಿಗೆ 1 ಮಿಲಿಗ್ರಾಮಿನೊಳಗಿರುವುದು ಲೇಸು. ಬೇರೆ ನೀರೇ ಇಲ್ಲದೆಡೆ 1.5ರ ವರೆಗೆ ಸರ್ಕಾರದ ಮಾನದಂಡವು ಸಮ್ಮತಿಸುವುದು. ಇದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ನಮ್ಮ ಹಿರಿಯರ ಕ್ರಮದಂತೆ ಬಟ್ಟೆಯಲ್ಲಿ ಸೋಸಿದರೆ ಕಸ ಹೋದೀತು, ಫ್ಲೋರೈಡು ಹೋಗದು; ಕುದಿಸಿದರೆ ನೀರು ಆವಿಯಾಗಿ ದೋಷವು ಹೆಚ್ಚುವುದೇ ಹೊರತು ತಗ್ಗದು. ಪಟಿಕ, ಸುಣ್ಣಗಳನ್ನು ಪ್ರಮಾಣವರಿತು ಬೆರೆಸಿ ತಿಳಿಯಾಗಿಸುವ ನಲ್ಗೊಂಡಾ ಕ್ರಮವುಂಟು, ಶುದ್ಧೀಕರಣಯಂತ್ರಗಳುಂಟು, ಮಾಳಿಗೆಯ ಮಳೆನೀರನ್ನು ಹಿಡಿದಿಡುವುದಂತೂ ಎಲ್ಲಕ್ಕಿಂತ ಸುಲಭ.

ಹಲ್ಲಿನ ಕಲೆಯು ಒಮ್ಮೆ ಬಿದ್ದರೆ ತಾನಾಗಿ ಹೋಗದು. ಮುಂಬಾಯಿಯ ಹಲ್ಲುಗಳು ಸುಮಾರು 8 ವರ್ಷದೊಳಗೆ ವಸಡಿನೊಳಗೇ ರೂಪುಗೊಳ್ಳುವುದರಿಂದ, ಎಳೆಯರು ಕುಡಿಯುವ ನೀರನ್ನೇ ಮೊದಲು ಪರೀಕ್ಷಿಸಬೇಕು. ಜಾತ್ರೆಗಳಲ್ಲಿ ಅರವಟಿಗೆಯಿಡುವ ಭಕ್ತರಲ್ಲಿ ನನ್ನದೊಂದು ಪ್ರಾರ್ಥನೆ: ತಮ್ಮ ಕೊಳವೆಬಾವಿಯ ನೀರನ್ನು ಗಾಜಿನದಲ್ಲದ, ಪ್ಲಾಸ್ಟಿಕಿನ ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಿರಿ, ಬಂದ ಅಂಕಿಯನ್ನು ಅರವಟಿಗೆಯ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಿರಿ.