ಸಾಕ್ಷ್ಯಚಿತ್ರಕ್ಕೊಂದು ಪಾಟೀಸವಾಲು

ಇಂಗ್ಲಿಷಿನ ‘ಡಾಕ್ಯುಮೆಂಟರಿ’ಗೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಹೆಸರು ನಿಂತುಬಿಟ್ಟಿದೆ. ಈ ಹೆಸರೇ ಅದಕ್ಕೊಂದು ತೂಕ ಕೊಟ್ಟಿದೆ. ತೆರೆಯ ಮೇಲೆ ಕಂಡದ್ದೆಲ್ಲ ಸಾಕ್ಷಿ ನುಡಿದಂತೆ ಎಂಬ ನಂಬಿಕೆ ಚಿತ್ರ ನೋಡುವ ಮೊದಲೇ ಹುಟ್ಟಿಕೊಂಡಿರುತ್ತದೆ. ಆದರೆ ಕೋರ್ಟಿನಲ್ಲಿ ಸಾಕ್ಷಿಯ ಮಾತನ್ನು ಯಾರೂ ಹಾಗೆಯೇ ಒಪ್ಪುವುದಿಲ್ಲ. ಎದುರು ಪಕ್ಷದ ವಕೀಲರು ಎದ್ದುನಿಂತು ಪಾಟೀಸವಾಲು ಹಾಕುತ್ತಾರೆ: ನೀನು ಎಲ್ಲಿ ನಿಂತಿದ್ದೆ? ಎಷ್ಟು ಹೊತ್ತಿಗೆ ಬಂದೆ? ನಿನ್ನನ್ನು ಕರೆತಂದವರು ಯಾರು? ಚಿತ್ರಕ್ಕೆ ಮಾತ್ರ ಈ ಕಾಟವಿಲ್ಲ. ಅದು ಮುಗಿದೊಡನೆ ನೋಡಿದವರು ಎದ್ದು ಮನೆಗೆ ಹೋಗುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಜನರಿಗೆ ಇದು ದೂರದ ವಿಷಯವಲ್ಲ. ಬರ, ಕರಡಿ, ಜಾತ್ರೆ, ದೇವದಾಸಿ ಪದ್ಧತಿ ಎಂದು ಕ್ಯಾಮೆರಾಗಳು ಇತ್ತ ಬರುತ್ತಲೇ ಇರುತ್ತವೆ. ಇಲ್ಲಿಯವರು ಚಿತ್ರ ನೋಡುವವರಷ್ಟೇ ಅಲ್ಲ, ಚಿತ್ರದೊಳಗೆ ಸಿಕ್ಕಿಕೊಂಡವರೂ ಹೌದು. ಆದ್ದರಿಂದ ಪಾಟೀಸವಾಲಿಗೆ ಇವರಿಗಿಂತ ತಕ್ಕವರಿಲ್ಲ.

ಕರಡಿಯಿಂದಲೇ ಶುರು ಮಾಡಬಹುದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ 2013ರಲ್ಲಿ ಕರಡಿಧಾಮವಾಯಿತು. ಅದಕ್ಕಿಂತ ಹಳೆಯದು, 1994ರದು, ಸಮೀಪದ ದರೋಜಿ. ದರೋಜಿಯಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಳಿಹೊತ್ತಿಗೆ ಕರಡಿಗಳು ಬಂದು ಬಂಡೆ ನೆಕ್ಕುತ್ತವೆ; ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ಇದೇ ದೃಶ್ಯವನ್ನು ಸೆರೆಹಿಡಿದು, ‘ಕರಡಿ ಆಹಾರ ಹುಡುಕುತ್ತ ಬಂಡೆ ಏರಿತು’ ಎಂದು ಹಿನ್ನೆಲೆಯ ಧ್ವನಿ ಹೇಳಿದರೆ? ಚಿತ್ರ ಸುಳ್ಳಲ್ಲ, ಕರಡಿಯೂ ಸುಳ್ಳಲ್ಲ. ಬೆಲ್ಲ ಮಾತ್ರ ಮಾಯವಾಗಿದೆ.

ಇದಕ್ಕಿಂತ ದೊಡ್ಡ ಮೋಸಗಳೂ ನಡೆದಿವೆ. ಡಿಸ್ನಿ ಸಂಸ್ಥೆಯ ‘ವೈಟ್ ವೈಲ್ಡರ್‌ನೆಸ್’ 1958ರಲ್ಲಿ ತೆರೆಕಂಡು ಆಸ್ಕರ್ ಪ್ರಶಸ್ತಿ ಪಡೆಯಿತು. ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಲುಗಟ್ಟಿ ಸಮುದ್ರಕ್ಕೆ ಹಾರುವುದನ್ನು ಅದು ತೋರಿಸಿತ್ತು. 1982ರಲ್ಲಿ ಕೆನಡಾದ ಟೆಲಿವಿಷನ್ ತನಿಖೆಯೊಂದು ನಿಜವನ್ನು ಹೊರಹಾಕಿತು. ಆ ದೃಶ್ಯ ತೆಗೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ. ಅಲ್ಲಿ ಸಮುದ್ರವೇ ಇಲ್ಲ. ಪ್ರಾಣಿಗಳನ್ನು ಬೇರೆಡೆಯಿಂದ ಕೊಂಡು ತಂದು ನೀರಿಗೆ ತಳ್ಳಲಾಗಿತ್ತು. ಪ್ರಶಸ್ತಿಯನ್ನೇ ಪ್ರಮಾಣಪತ್ರವೆಂದು ತಿಳಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎಲ್ಲ ಏರ್ಪಾಡೂ ಮೋಸವಲ್ಲ ಎಂಬುದನ್ನೂ ಹೇಳಬೇಕು. ಫ್ಲಾಹರ್ಟಿ 1922ರ ‘ನಾನೂಕ್ ಆಫ್ ದ ನಾರ್ತ್’ ಚಿತ್ರದಲ್ಲಿ ಹಿಮದ ಮನೆಯ ಒಳಗನ್ನು ತೋರಿಸಬೇಕಿತ್ತು. ಬೆಳಕು ಸಾಲದೆಂದು ಅರ್ಧ ಮನೆಯನ್ನಷ್ಟೇ ಕಟ್ಟಿಸಿದ. ಅದನ್ನು ಕ್ಷಮಿಸಬಹುದು. ಬಂದೂಕು ಬಲ್ಲ ಜನರ ಕೈಗೆ ಹಳೆಯ ಈಟಿ ಕೊಟ್ಟು, ಅವರ ಇಂದಿನ ಬದುಕೇ ಹೀಗೆ ಎಂದು ತೋರಿಸಿದ್ದನ್ನು ಕ್ಷಮಿಸುವುದು ಕಷ್ಟ.

ಕ್ಯಾಮೆರಾ ನಿಜವನ್ನೇ ಹಿಡಿದಾಗಲೂ ಪ್ರಶ್ನೆ ಮುಗಿಯುವುದಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ ಕ್ಷಣ ಎಷ್ಟೋ ಜನರ ಮೊಬೈಲುಗಳಲ್ಲಿ ದಾಖಲಾಯಿತು. ಆದರೆ ತೇರು ಬಿದ್ದದ್ದನ್ನು ಕಂಡ ಚಿತ್ರ, ಬಿದ್ದದ್ದೇಕೆ ಎಂಬುದನ್ನು ಕಂಡಿರಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವೂ ಹಾಗೆಯೇ. ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಮಾತು. ಅದರ ಹಿಂದೆಯೇ ಹಸಿರು ಹೊಲ ತೋರಿಸಿದರೆ ಅದು ಮಳೆಯ ಭವಿಷ್ಯವಾಗುತ್ತದೆ, ವಿಧಾನಸೌಧ ತೋರಿಸಿದರೆ ರಾಜಕೀಯದ ಭವಿಷ್ಯವಾಗುತ್ತದೆ. ಅರ್ಥ ಹುಟ್ಟುವುದು ಎರಡು ದೃಶ್ಯಗಳ ನಡುವಿನ ಕತ್ತರಿಯಲ್ಲಿ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ದೇವದಾಸಿ ಪದ್ಧತಿಯ ಚಿತ್ರಗಳು. ಇಲ್ಲಿ ಪಣಕ್ಕಿರುವುದು ಒಬ್ಬ ಹೆಣ್ಣುಮಗಳ ಮುಖ, ಅವಳ ಮಕ್ಕಳ ಮಾನ. ಬಳ್ಳಾರಿ ಸೀಮೆಯಲ್ಲಿ ‘ಬಸವಿ ಬಿಡುವುದು’, ‘ಮುತ್ತು ಕಟ್ಟುವುದು’ ಎಂಬ ಮಾತುಗಳಿವೆ. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟು, ತಂದೆಯ ಆಸ್ತಿ ಅವಳಿಗೂ ಅವಳ ಮಕ್ಕಳಿಗೂ ಸಲ್ಲುವಂತೆ ಮಾಡುವುದಿತ್ತು. ಇದರಿಂದ ದಲಿತ ಹೆಣ್ಣುಮಕ್ಕಳ ಮೇಲೆ ನಡೆದ ಶೋಷಣೆ ಎಳ್ಳಷ್ಟೂ ಕಡಿಮೆಯಾಗದು. ಆದರೆ ಹೆಂಗಸು ‘ಬಸವಿ ಬಿಟ್ಟರು’ ಎಂದಾಗ ತೆರೆಯ ಕೆಳಗಿನ ಇಂಗ್ಲಿಷ್ ಸಾಲು ‘ವೇಶ್ಯಾವೃತ್ತಿಗೆ ಮಾರಿದರು’ ಎಂದು ಬರೆದರೆ, ಅದು ಅವಳ ಸಾಕ್ಷ್ಯವಲ್ಲ, ಬರೆದವನದು. ಲಂಡನ್ನಿನ ಪ್ರೇಕ್ಷಕನಿಗೆ ಇದು ತಿಳಿಯುವುದಿಲ್ಲ. ಕೂಡ್ಲಿಗಿಯ ಪ್ರೇಕ್ಷಕನಿಗೆ ತಕ್ಷಣ ತಿಳಿಯುತ್ತದೆ.

ಕಾನೂನು, ಅಂಕಿಗಳಿಗೂ ಇದೇ ಪರೀಕ್ಷೆ ಬೇಕು. ‘1982ರ ಕರ್ನಾಟಕ ಕಾಯ್ದೆ ಬರುವವರೆಗೂ ತಡೆಯಿರಲಿಲ್ಲ’ ಎಂದು ಚಿತ್ರ ಹೇಳಿದರೆ ಅದು ಈ ಸೀಮೆಗೆ ಹೊಂದದು. 1953ಕ್ಕೆ ಮುಂಚೆ ಇದು ಮದ್ರಾಸಿಗೆ ಸೇರಿತ್ತು; ಮದ್ರಾಸಿನ ನಿಷೇಧ ಕಾಯ್ದೆ 1947ರಲ್ಲೇ ಬಂದಿತ್ತು. ಎರಡೆರಡು ಕಾಯ್ದೆ ಬಂದರೂ ಪದ್ಧತಿ ಉಳಿದದ್ದೇಕೆ ಎಂಬ ಕಷ್ಟದ ಪ್ರಶ್ನೆಯನ್ನು ಅಂಥ ಚಿತ್ರ ಕೇಳುವುದೇ ಇಲ್ಲ. ಕರ್ನಾಟಕ ಸರ್ಕಾರದ 1993-94ರ ಸಮೀಕ್ಷೆಯಲ್ಲಿ 22,873 ಮತ್ತು 2007-08ರ ಸಮೀಕ್ಷೆಯಲ್ಲಿ 23,787, ಒಟ್ಟು 46,660 ದೇವದಾಸಿಯರು ದಾಖಲಾಗಿದ್ದಾರೆ. ಪಟ್ಟಿಯಿಂದ ಹೊರಗುಳಿದವರಿದ್ದಾರೆ ಎಂಬ ದೂರೂ ಉಂಟು. ಆದರೆ ಆಧಾರ ಹೇಳದೆ ‘ಲಕ್ಷಾಂತರ’ ಎನ್ನುವ ಚಿತ್ರ ಈ ದೂರಿಗೆ ಬಲ ಕೊಡುವುದಿಲ್ಲ, ಅದನ್ನು ಹಗುರ ಮಾಡುತ್ತದೆ.

ಚಿತ್ರ ಚೆನ್ನಾಗಿದೆಯೆ ಎಂಬುದು ಬೇರೆ ಮಾತು. ಡ್ರೋನಿನಿಂದ ತೆಗೆದ ತುಂಗಭದ್ರೆ, ಇಂಪಾದ ಹಿನ್ನೆಲೆ ಸಂಗೀತ, ಗಂಭೀರ ಕಂಠ, ಇವು ಹಣಕ್ಕೆ ಸಿಗುತ್ತವೆ. ಮಾತಾಡಿದವರಿಗೆ ಚಿತ್ರ ಎಲ್ಲೆಲ್ಲಿ ತೋರಿಸಲಾಗುತ್ತದೆ ಎಂದು ಮೊದಲೇ ತಿಳಿಸಿದ್ದರೆ? ಮುಗಿದ ಮೇಲೆ ಅವರಿಗೆ ತೋರಿಸಿದರೆ? ಗುಣ ತಿಳಿಯುವುದು ಇಲ್ಲಿ.

2010ರಲ್ಲಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರ ಇಂಟರ್‌ನೆಟ್ಟಿನಲ್ಲಿ ಬಂತು. ಉತ್ತರ ಕರ್ನಾಟಕ ಮತ್ತು ಗಡಿಯಾಚೆಯ ಸಾಂಗ್ಲಿಯ ದೇವದಾಸಿಯರ ಕುರಿತದ್ದು. ಸಾಂಗ್ಲಿಯ ‘ವ್ಯಾಂಪ್’ ಸಂಘಟನೆಯ ಹೆಂಗಸರು ಅದನ್ನು ನೋಡಿದರು. ತಮ್ಮ ಬದುಕನ್ನು ತಿರುಚಿ ತೋರಿಸಲಾಗಿದೆ ಎಂದು ಸಿಟ್ಟಾದರು. ಅಷ್ಟಕ್ಕೇ ಬಿಡದೆ ತಾವೇ ಕ್ಯಾಮೆರಾದ ಮುಂದೆ ಕೂತು ಉತ್ತರದ ಚಿತ್ರವೊಂದನ್ನು ಮಾಡಿ ಅದೇ ಇಂಟರ್‌ನೆಟ್ಟಿಗೆ ಹಾಕಿದರು. ಮೊದಲ ಚಿತ್ರ ನೋಡಿದವರು ಈ ಎರಡನೆಯದನ್ನೂ ಹುಡುಕಿ ನೋಡಬೇಕು.