ಅಪ್ಪ ಹೇಳಿಕೊಟ್ಟ ಉತ್ತರ



ಸುವರ್ಣ ಮಹೋತ್ಸವದ ಈ ವೇದಿಕೆಯಲ್ಲಿ ಗೆದ್ದವರು ಮಾತಾಡಿದರು. ನಾನು ಸೋತ ಕಥೆ ಹೇಳುತ್ತೇನೆ.

ಬಿ.ಇ. ಮುಗಿಸಿ ಬಿಟಿಎಂ ಲೇಔಟ್‌ನ ರೂಮಿನಲ್ಲಿದ್ದೆ. ಸಾಫ್ಟ್‌ವೇರ್ ಕೆಲಸವಿದ್ದರೂ ನಬಾರ್ಡ್‌ನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗುವ ಆಸೆ. ಸಾಮಾನ್ಯ ವರ್ಗಕ್ಕೆ ವಯೋಮಿತಿ 30, ನನಗಾಗಲೇ 29. ರಾತ್ರಿ ರೂಮಿನಲ್ಲಿ, ಭಾನುವಾರ ಜಯನಗರದ ಗ್ರಂಥಾಲಯದಲ್ಲಿ ಓದಿದೆ.

ಪ್ರಿಲಿಮ್ಸ್‌ಗೆ 200 ಅಂಕ, ಎರಡು ಗಂಟೆ. ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಕೃಷಿ, ಗ್ರಾಮೀಣಾಭಿವೃದ್ಧಿಗೇ 40 ಅಂಕ. ಫಸಲ್ ಬಿಮಾದ ಕಂತು ಎಷ್ಟು ಓದಿದರೂ ನೆನಪುಳಿಯದೆ ಅಪ್ಪನಿಗೆ ಫೋನ್ ಮಾಡಿದೆ. “ಮುಂಗಾರಿಗೆ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ. ಕಟ್ಟೋನು ನಾನಲ್ವೇನಪ್ಪಾ?” ಎಂದರು. ಮತ್ತೆ ಮರೆಯಲಿಲ್ಲ.

ಪ್ರಿಲಿಮ್ಸ್ ಪಾಸಾದೆ. ಮೇನ್ಸ್‌ನಲ್ಲಿ ಇಂಗ್ಲಿಷ್ ಪ್ರಬಂಧ ಕೈಕೊಟ್ಟಿತು. ಸಂದರ್ಶನದ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಮರುವರ್ಷಕ್ಕೆ ವಯಸ್ಸು ದಾಟಿತ್ತು. ಅಪ್ಪನಿಗೆ ಹೇಳಲು ವಾರ ಬೇಕಾಯಿತು.

ಮಕ್ಕಳೇ, ನನ್ನಂತೆ ತಡಮಾಡಬೇಡಿ. ಹೊಲ, ಡೈರಿ, ಸಹಕಾರ ಸಂಘ ನಿಮಗೆ ಗೊತ್ತು; ಅದೂ ಸಿಲಬಸ್ಸೇ. ಇಂಗ್ಲಿಷ್ ಮಾತ್ರ ದಿನಕ್ಕೊಂದು ಪುಟ ಸ್ವಂತವಾಗಿ ಬರೆಯಿರಿ. ಹೆಡ್‌ಮಾಸ್ಟರರ ಮೂಲಕ ಕಳಿಸಿದರೆ ನಾನು ತಿದ್ದಿಕೊಡುತ್ತೇನೆ.