ಉಯಿಲು ಬರೆಯುವ ವಕೀಲರಿಗೆ ಕೈಯಭ್ಯಾಸ ಬೇಕು
(ನಮ್ಮ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಾಯಿದೆ ಓದಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯ ಪಗಾರ ಖಾತೆಯಲ್ಲಿ ಕಾರಕೂನನಾದವನು. ಬಿಡುವಿನ ವೇಳೆಯಲ್ಲಿ ಇಲ್ಲಿಯ ಪುಸ್ತಕಗಳಿಗೆ ನಂಬರು ಹಚ್ಚುವವನು. ಅಂಥವನು ವಕೀಲರ ತರಬೇತಿಯ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ವಕೀಲರು ಬರೆದ ಕಾಗದದಲ್ಲಿ ಕುಂದು ಉಳಿದರೆ ಅದರ ಫಲವನ್ನು ಉಣ್ಣುವವರು ನಾವು, ನಮ್ಮ ಹಿಂದೆ ಉಳಿಯುವ ಹೆಂಡತಿ ಮಕ್ಕಳು. ಆದುದರಿಂದ ನಮಗೆ ಎಂಥ ವಕೀಲರು ಬೇಕೆಂದು ಹೇಳುವ ಹಕ್ಕು ನಮಗೂ ಉಂಟು.

ಉಯಿಲಿನ ಕಾಯಿದೆ ಮೇಲುನೋಟಕ್ಕೆ ಬಹಳ ಸರಳ. ಹಿಂದೂಗಳಿಗೂ ಕ್ರೈಸ್ತರಿಗೂ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮು ಕೇಳುವುದು ಇಷ್ಟೇ: ಬರೆಸಿದವರು ಸಹಿ ಮಾಡಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಂಡು, ಅಥವಾ "ಇದು ನನ್ನದೇ ಸಹಿ" ಎಂದು ಅವರ ಬಾಯಿಂದ ಕೇಳಿ, ಅವರ ಎದುರಿನಲ್ಲೇ ತಾವೂ ಸಹಿ ಮಾಡಬೇಕು. ಸ್ಟಾಂಪು ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಷ್ಟು ಸರಳವಾಗಿದ್ದರೂ ಉಯಿಲಿನ ದಾವೆಗಳು ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯುತ್ತವೆ. ಕೊರತೆ ಇರುವುದು ಕಾಯಿದೆಯಲ್ಲಲ್ಲ, ಅದನ್ನು ಒಂದು ಸಂಸಾರಕ್ಕೆ ಹೊಂದಿಸಿ ನೋಡುವ ಅಭ್ಯಾಸದಲ್ಲಿ ಎಂಬುದೇ ನನ್ನ ಇಂದಿನ ಮಾತಿನ ಸಾರ.

ಬಾರ್ ಕೌನ್ಸಿಲು 2008ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕಾಯಿದೆ ಕಾಲೇಜುಗಳಲ್ಲಿ ದಸ್ತಾವೇಜು ಬರೆಯುವುದನ್ನು ಕಡ್ಡಾಯವಾಗಿ ಕಲಿಸಬೇಕು. ವಿದ್ಯಾರ್ಥಿಯು ಒಂದು ಮಾದರಿ ಉಯಿಲನ್ನೂ ವಹಿಯಲ್ಲಿ ಬರೆದು ಅಂಕ ಪಡೆಯುತ್ತಾನೆ. ಆದರೆ ವಹಿಯಲ್ಲಿ ಬರುವ ಮನುಷ್ಯನಿಗೆ ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬ ಮಗ. ಎಲ್ಲ ಕಾಗದಗಳೂ ಸರಿಯಾಗಿರುತ್ತವೆ. ನಮ್ಮ ಚಾಳುಗಳಲ್ಲಿ ಅಂಥವರು ಎಷ್ಟು ಮಂದಿ? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಅಭ್ಯಾಸಕ್ಕೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ವಿಜಯಪುರ ಜಿಲ್ಲೆಯವರು. ಮುಂಬಯಿಯಲ್ಲಿ 28 ವರ್ಷ ದುಡಿದಿದ್ದಾರೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ವೃದ್ಧ ತಾಯಿ ಊರಲ್ಲಿದ್ದಾರೆ. ಇಲ್ಲಿಯ ಬಾಡಿಗೆ ಖೋಲಿಯಲ್ಲಿ ಜೊತೆಗೆ ಇರುವವನು ತಮ್ಮ. ಊರಲ್ಲಿ 4 ಎಕರೆ ಪಿತ್ರಾರ್ಜಿತ ಹೊಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪ್ರಾವಿಡೆಂಟ್ ಫಂಡಿಗೆ ಮದುವೆಗೆ ಮುಂಚೆ ತಮ್ಮನನ್ನೇ ನಾಮಿನಿ ಮಾಡಿದ್ದರು. ಬ್ಯಾಂಕಿನ ಠೇವಣಿಗೆ ಮಗ ನಾಮಿನಿ. ಇವರು ವಕೀಲರ ಎದುರು ಕುಳಿತು, "ನನ್ನದೆಲ್ಲ ಹೆಂಡತಿಗೆ ಎಂದು ಬರೆದುಕೊಡಿ ಸಾಹೇಬರೆ" ಎನ್ನುತ್ತಾರೆ.

ಅಭ್ಯಾಸವಿಲ್ಲದ ವಕೀಲರು ಹಾಗೆಯೇ ಬರೆದುಕೊಡುತ್ತಾರೆ. ಅಭ್ಯಾಸವಿದ್ದವರು ಲೇಖಣಿ ಕೆಳಗಿಟ್ಟು ಒಂದೊಂದನ್ನೇ ಕೇಳುತ್ತಾರೆ.

ಪ್ರಾವಿಡೆಂಟ್ ಫಂಡು: ಕುಟುಂಬವಿಲ್ಲದಾಗ ಮಾಡಿದ ನಾಮಿನೇಶನ್ನು ಕುಟುಂಬವಾದ ಕೂಡಲೆ ರದ್ದಾಗುತ್ತದೆ. ತಮ್ಮನು ಆ ಯೋಜನೆಯ "ಕುಟುಂಬ"ದಲ್ಲಿ ಸೇರುವುದಿಲ್ಲ. ಉಯಿಲು ಬರೆಯುವ ಮೊದಲೇ ಹೊಸ ನಾಮಿನೇಶನ್ನು ಆಗಬೇಕು.

ಠೇವಣಿ: ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆಯುವವನೇ ಹೊರತು ಮಾಲಿಕನಲ್ಲ. ವಿಮೆಯ ಬಗ್ಗೆ 1984ರಲ್ಲಿ, ಬ್ಯಾಂಕಿನ ಹಣದ ಬಗ್ಗೆ 2010ರಲ್ಲಿ, ಶೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ವಿಮೆಯ ಮಟ್ಟಿಗೆ ಮಾತ್ರ 2015ರ ತಿದ್ದುಪಡಿಯು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾದರೆ ಹಣ ಅವರದೇ ಎಂದು ಮಾಡಿತು. ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಮಾಡುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ.

ಖೋಲಿ: ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಬಾಡಿಗೆಯ ಖೋಲಿಯ ಹಕ್ಕನ್ನು ಉಯಿಲಿನಿಂದ ಕೊಡಲು ಬಾರದೆಂದು ಮುಂಬಯಿಯ ಬಾಡಿಗೆ ಕಾಯಿದೆಯ ಮೇಲೆ ಸುಪ್ರೀಂ ಕೋರ್ಟು 1994ರಲ್ಲಿ ತೀರ್ಮಾನಿಸಿತು. 1999ರ ಮಹಾರಾಷ್ಟ್ರ ಬಾಡಿಗೆ ಕಾಯಿದೆಯೂ ಮೊದಲ ಹಕ್ಕು ಕೊಡುವುದು ಬಾಡಿಗೆದಾರರು ತೀರಿಕೊಂಡಾಗ ಅವರ ಜೊತೆ ವಾಸವಾಗಿದ್ದ ಕುಟುಂಬದವರಿಗೆ. ಊರಲ್ಲಿದ್ದ ಹೆಂಡತಿ ಉಯಿಲನ್ನು ಹಿಡಿದು ಬಂದರೆ, ಖೋಲಿಯಲ್ಲಿದ್ದ ಮೈದುನ "ನಾನಿಲ್ಲಿ ಜೊತೆಗಿದ್ದವನು" ಎನ್ನಬಹುದು. ಇದನ್ನು ಯಜಮಾನರಿಗೆ ಅವರು ಬದುಕಿರುವಾಗಲೇ ತಿಳಿಸಬೇಕಾದವರು ವಕೀಲರಲ್ಲವೆ?

ಹೊಲ: ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನು ಮಾತ್ರ ಉಯಿಲಿನಲ್ಲಿ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲುಂಟು; ಆ ಹೊತ್ತಿಗೆ ತಂದೆ ಜೀವಂತವಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಜ್ಜನ ಹೆಸರಿನಲ್ಲಿರುವ ಪಹಣಿಗೆ ಮೊದಲು ಪೌತಿ ಖಾತೆ ಆಗಬೇಕು.

ಉಯಿಲು ಬರೆಯದೆ ಹೋದರೆ? ಇವರು ಸ್ವಂತ ಗಳಿಸಿದ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿ, ಮೂವರು ಮಕ್ಕಳು, ತಾಯಿ ಹೀಗೆ ಐದು ಸಮಪಾಲು. ತಾಯಿಗೂ ಸಮಪಾಲು ಎಂಬುದು ನಮ್ಮಲ್ಲಿ ಬಹು ಮಂದಿಗೆ ಗೊತ್ತಿಲ್ಲ. ಹಾಗೆಯೇ, ಮಕ್ಕಳಿಲ್ಲದ ವಿಧವೆಯೊಬ್ಬಳು ತಾನೇ ದುಡಿದು ಕೂಡಿಟ್ಟದ್ದು, ಉಯಿಲಿಲ್ಲದಿದ್ದರೆ, ಅವಳ ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಇಲ್ಲಿ ಕುಳಿತಿರುವ ದುಡಿಯುವ ತಾಯಂದಿರು ಇದನ್ನು ಗಮನದಲ್ಲಿಡಬೇಕು.

ಹಾಗಾದರೆ ತರುಣ ವಕೀಲರು ಏನನ್ನು ಅಭ್ಯಾಸ ಮಾಡಬೇಕು? ನನಗೆ ತೋಚಿದ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಒಂದನೆಯದು, ಒಬ್ಬರನ್ನೇ ಕೂರಿಸಿ ಕೇಳುವುದು. ಕರೆದುಕೊಂಡು ಬಂದ ಮಗನೋ ಅಳಿಯನೋ ಹೊರಗೆ ಬೆಂಚಿನ ಮೇಲೆ ಕುಳಿತಿರಲಿ. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮನವರ ಮೊಕದ್ದಮೆಯ 1958ರ ತೀರ್ಪನ್ನು ಇಂದಿಗೂ ದೇಶದ ಕೋರ್ಟುಗಳು ಆಧಾರವಾಗಿ ಹಿಡಿಯುತ್ತವೆ. ಉಯಿಲಿನಿಂದ ದೊಡ್ಡ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ ಅದು ಸಂಶಯದ ಸಂಗತಿ. ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವನದೇ ಎಂದು ಅದರಲ್ಲಿ ಹೇಳಲಾಗಿದೆ. ಕೋರ್ಟಿನಲ್ಲಿ ಏಳುವ ಸಂಶಯಕ್ಕೆ ವಕೀಲರ ಕೋಣೆಯಲ್ಲೇ ಜಾಗ ಕೊಡಬಾರದು.

ಎರಡನೆಯದು, ಸಹಿಯ ಕ್ರಮವನ್ನು ಮಾಡಿ ನೋಡುವುದು. ಇಲ್ಲಿಯೇ ಮೇಜಿನ ಸುತ್ತ ಒಬ್ಬರು ಬರೆಸುವವರಾಗಿ, ಇಬ್ಬರು ಸಾಕ್ಷಿಗಳಾಗಿ ಕುಳಿತು ನಾಲ್ಕು ಸಲ ಮಾಡಿದರೆ ತಪ್ಪುಗಳು ತಾವಾಗಿಯೇ ಕಾಣುತ್ತವೆ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬಾರದು. ಸಾಕ್ಷಿಗಳು ಬರೆಸುವವರಿಗಿಂತ ಕಿರಿಯರಾಗಿದ್ದು, ಹುಡುಕಿದರೆ ಸಿಗುವಂಥವರಾಗಿರಬೇಕು. ಸಾಕ್ಷಿ ಜೀವಂತವಿದ್ದು ಕೋರ್ಟಿಗೆ ಬರಬಲ್ಲವರಾಗಿದ್ದರೆ ಒಬ್ಬರನ್ನಾದರೂ ಕರೆದು ಉಯಿಲನ್ನು ರುಜುವಾತು ಮಾಡಬೇಕೆಂಬುದು ಹಿಂದಿನ 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ನಿಯಮ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿಯೂ ಅದೇ ಇದೆ. ಪಕ್ಕದ ಖೋಲಿಯವರು ಸಾಕ್ಷಿ ಹಾಕಿ ಮರುವರ್ಷ ಊರಿಗೆ ಹೋದರೆ ಎಲ್ಲಿ ಹುಡುಕುವುದು? ಅವರ ಊರಿನ ವಿಳಾಸವನ್ನೂ ಬರೆದಿಡಬೇಕು.

ಮೂರನೆಯದು, ಭಾಷೆ. ನಮ್ಮವರು ಉಯಿಲು ಎನ್ನುತ್ತಾರೆ, ಇಲ್ಲಿಯ ಕಚೇರಿಯಲ್ಲಿ ಮೃತ್ಯುಪತ್ರ ಎನ್ನುತ್ತಾರೆ. ಅಲ್ಲಿ ಪಹಣಿ, ಇಲ್ಲಿ ಸಾತ್‌ಬಾರಾ. ಇಂಗ್ಲಿಷಿನಲ್ಲಿ ಬರೆದ ಉಯಿಲನ್ನು ಇಂಗ್ಲಿಷ್ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಿ, ಹಾಗೆ ಓದಿ ಹೇಳಿದ್ದನ್ನು ಅದರಲ್ಲೇ ನಮೂದಿಸಬೇಕು. ಕನ್ನಡದಲ್ಲೇ ಬರೆಯುವುದಕ್ಕೂ ಕಾಯಿದೆಯ ಅಡ್ಡಿಯಿಲ್ಲ.

ನಾಲ್ಕನೆಯದು, ಕಲಿತದ್ದನ್ನು ಆಗಾಗ ತಿದ್ದಿಕೊಳ್ಳುವುದು. ಮುಂಬಯಿಯಲ್ಲಿ ಹಿಂದೂಗಳು ಮಾಡಿದ ಉಯಿಲಿಗೆ ಹೈಕೋರ್ಟಿನ ಪ್ರೊಬೇಟ್ ಕಡ್ಡಾಯವೆಂದು ಹಳೆಯ ಪುಸ್ತಕಗಳಲ್ಲೆಲ್ಲ ಇದೆ. ಆ ಕಡ್ಡಾಯವನ್ನು ವಿಧಿಸಿದ್ದ 213ನೆಯ ಕಲಮನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಇದನ್ನು ತಿಳಿಯದವರು ಬಡವರಿಂದ ಇಲ್ಲದ ಖರ್ಚು ಮಾಡಿಸುವ ಭಯವಿದೆ.

ಇನ್ನು ನಮ್ಮ ವಾಚನಾಲಯ ಏನು ಕೊಡಬಲ್ಲುದು? ಹಣವಿಲ್ಲ, ಆದರೆ ಒಂದು ಕಪಾಟು, ಒಂದು ಮೇಜು ಇವೆ. ಕಪಾಟಿನಲ್ಲಿ ಒಂದು ಕಡತವಿರಲಿ. ಅದರಲ್ಲಿ ಕನ್ನಡದ ಪ್ರಶ್ನೆಗಳ ಪಟ್ಟಿ, ತರಬೇಕಾದ ಕಾಗದಗಳ ಪಟ್ಟಿ, ಕನ್ನಡ-ಮರಾಠಿ-ಇಂಗ್ಲಿಷ್ ಪದಗಳ ಪಟ್ಟಿ, ಹಿರಿಯ ವಕೀಲರು ನೋಡಿಕೊಟ್ಟ ಮಾದರಿಗಳು ಇರಲಿ. ಮಾದರಿ ಒಂದೇ ಆದರೆ ಸಾಲದು. ಮುಸಲ್ಮಾನ ಬಂಧುಗಳು ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಉಯಿಲಿನಿಂದ ಕೊಡಲಾರರು. ಕ್ರೈಸ್ತರು ಮದುವೆಯಾದರೆ ಮೊದಲು ಬರೆದ ಉಯಿಲು ರದ್ದಾಗುತ್ತದೆ. ನಾನು ಮೇಲೆ ಹೇಳಿದಂಥ ಕಲ್ಪಿತ ಸಂಸಾರಗಳು ಹತ್ತಾರು ಆ ಕಡತದಲ್ಲಿದ್ದರೆ ತರುಣ ವಕೀಲರಿಗೆ ಅದೇ ಗರಡಿ ಮನೆ. ಮೊದಲು ಕಲ್ಪಿತ ಸಂಸಾರ, ಆಮೇಲೆ ಹಿರಿಯ ವಕೀಲರ ಮಗ್ಗುಲಲ್ಲಿ ಕುಳಿತು ನಿಜವಾದ ಸಂಸಾರ, ಕೊನೆಗೆ ಸ್ವತಂತ್ರವಾಗಿ: ಕ್ರಮ ಹೀಗಿರಲಿ. ಗಿರಣಿಯಲ್ಲಿ ಹೊಸಬನಿಗೆ ಮೊದಲ ದಿನವೇ ಸಾಂಚೆಯನ್ನು ಯಾರೂ ಒಪ್ಪಿಸುವುದಿಲ್ಲವಷ್ಟೆ!

ನನ್ನಂಥ ಸ್ವಯಂಸೇವಕರು ತಮ್ಮ ಗೆರೆಯನ್ನು ದಾಟಬಾರದು. ನಾವು ಕಾಗದ ಜೋಡಿಸಿಕೊಡಬಹುದು, ಪ್ರಶ್ನೆಗಳ ಪಟ್ಟಿ ತುಂಬಿಸಬಹುದು. ಸಲಹೆ ಕೊಡಬೇಕಾದವರು ವಕೀಲರೇ. ಮೇಜಿನ ಮೇಲೆ ಕೇಳಿದ ಮಾತು ಚಾಳಿನ ನಲ್ಲಿಯ ಹತ್ತಿರ ಹೋಗಕೂಡದು. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಇನ್ನೊಂದು ಮಾತು. 1987ರ ಕಾನೂನು ಸೇವೆಗಳ ಕಾಯಿದೆಯ 12ನೆಯ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಸ್ತ್ರೀಯರ ಜೊತೆಗೆ ಕೈಗಾರಿಕಾ ಕೆಲಸಗಾರರೂ ಅದರಲ್ಲಿದ್ದಾರೆ. 15100 ನಂಬರಿಗೆ ಫೋನು ಮಾಡಿ ವಿಚಾರಿಸಬಹುದು.

ಸಾವಿನ ಮಾತು ಅಪಶಕುನವೆಂದು ಕೆಲವರು ಎದ್ದು ಹೋಗುತ್ತಾರೆ. ವಿಮೆಯ ಕಂತು ಕಟ್ಟುವಾಗ ನಾವು ಅಪಶಕುನವೆನ್ನುವುದಿಲ್ಲ. ಇನ್ನು ಕೆಲವರು "ನಮ್ಮಲ್ಲೇನಿದೆ ಬರೆಯಲು?" ಎನ್ನುತ್ತಾರೆ. ಸಿರಿವಂತರ ಮಕ್ಕಳು ದಾವೆ ಹೂಡಿ ಹತ್ತು ವರ್ಷ ಕಾಯಬಲ್ಲರು. ನಮ್ಮ ಹೆಂಡಿರು ಮಕ್ಕಳು ಹತ್ತು ತಿಂಗಳೂ ಕಾಯಲಾರರು. ಇರುವುದು ಸ್ವಲ್ಪವಾದಷ್ಟೂ ಅದು ಸಕಾಲಕ್ಕೆ ಸರಿಯಾದ ಕೈ ಸೇರುವುದು ಮುಖ್ಯ.

ಆದುದರಿಂದ ತರುಣ ವಕೀಲ ಮಿತ್ರರಲ್ಲಿ ನನ್ನ ವಿನಂತಿ: ತಿಂಗಳಿಗೆ ಒಂದು ರವಿವಾರದ ಎರಡು ತಾಸನ್ನು ಈ ಮೇಜಿಗೆ ಕೊಡಿರಿ. ಹಿರಿಯ ವಕೀಲರು ಯಾರಾದರೂ ಪರಿಚಯವಿದ್ದರೆ ಸಭಿಕರು ಕಾರ್ಯದರ್ಶಿಗಳಿಗೆ ತಿಳಿಸಿರಿ. ಉಳಿದ ನಾವೆಲ್ಲ ಈ ವಾರವೇ ಮನೆಯ ಪೆಟ್ಟಿಗೆ ತೆರೆದು ನಾಮಿನಿಯ ಜಾಗದಲ್ಲಿ ಯಾರ ಹೆಸರಿದೆ ಎಂದು ನೋಡೋಣ.